ಅಲ್ಲಿಯ ಹವಾ

ಉಣ್ಣೆ ಮುಟ್ಟಿದರೆ ಅಂಗೈ ಬೆವರುವಂಥ ಹೊತ್ತಿನಲ್ಲಿ ರಹಿಮಾಬಿ ಮಂಚದ ಮೇಲೆ ಸ್ವೆಟರುಗಳನ್ನು ಹರವಿಕೊಂಡು ಕೂತಿದ್ದಳು. ಸಿಂದಗಿಯ ಏಪ್ರಿಲ್ ಮಧ್ಯಾಹ್ನ. ಕರೆಂಟು ಹೋಗಿ ಕೂಲರು ಸುಮ್ಮನಾಗಿತ್ತು, ಓಣಿಯಲ್ಲಿ ನಾಯಿ ಕೂಡ ಮಿಸುಕುತ್ತಿರಲಿಲ್ಲ. ಬೆಳಗಿನಿಂದ ಅವಳಿಗೆ ಒಂದೇ ಕೆಲಸ, ಮಡಚಿದ್ದನ್ನು ಬಿಚ್ಚುವುದು, ಬಿಚ್ಚಿದ್ದನ್ನು ಮಡಚುವುದು. ಗಾಲಿಯ ಸೂಟ್‌ಕೇಸು ಅರ್ಧ ತುಂಬಿ ಅಲ್ಲಿಗೇ ನಿಂತಿತ್ತು. ನಾಳೆ ಸಂಜೆ ಹೊರಡಬೇಕು. ಗಂಡ ಬಾಬುಲಾಲನ ಅಂಗಡಿಗೆ ಟೈಲ್ಸ್ ಕಳಿಸುವ ಕಂಪನಿಯವರು ಈ ವರ್ಷ ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಹೆಂಡಂದಿರ ಸಮೇತ ದೊಡ್ಡ ಹಡಗಿನಲ್ಲಿ ಕೂಡ್ರಿಸಿ, ನಾರ್ವೆ ಎಂಬ ದೇಶದ ದಂಡೆಗುಂಟ ತಿರುಗಾಡಿಸುವವರಿದ್ದರು. ಹಡಗಿನಲ್ಲೇ ಊಟ, ಹಡಗಿನಲ್ಲೇ ನಿದ್ದೆ, ಹಡಗಿನಲ್ಲೇ ಈಜುವ ಕೊಳ. ಸಮುದ್ರದ ನಡುವೆ ಇದ್ದುಕೊಂಡು ಮತ್ತೆ ಕೊಳದಲ್ಲಿ ಯಾಕೆ ಈಜಬೇಕು ಎಂಬುದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ಕಂಪನಿಯ ಪರವಾಗಿ ಇದನ್ನೆಲ್ಲ ನೋಡಿಕೊಳ್ಳುವ ಅರುಣಕುಮಾರ ಎಂಬಾತ ಎಲ್ಲರ ಫೋನಿಗೂ ತನ್ನ ದನಿ ಕಳಿಸಿದ್ದ. "ಅಲ್ಲೆ ವಸಂತ ಅಂದ್ರ ನಮ್ಮ ಯುಗಾದಿ ಅಲ್ರಿ. ಒಂದ ದಿನದಾಗ ಬಿಸಲ, ಮಳಿ, ಗಾಳಿ, ಹಿಮ ಎಲ್ಲಾ ಬಂದ ಹೋಗ್ತಾವು. ಒಂದರ ಮ್ಯಾಲ ಒಂದ ಹಾಕ್ಕೊಳ್ಳೂ ಅರಬಿ ತಗೊಳ್ರಿ. ಬಿಸಲ ಬಂದ್ರ ತೆಗೀರಿ, ಗಾಳಿ ಬಂದ್ರ ಹಾಕ್ಕೊಳ್ರಿ." ಅವನಿಗೆ ಹೇಳುವುದು ಎಷ್ಟು ಸಲೀಸು ಎಂದು ರಹಿಮಾಬಿಗೆ ಅನ್ನಿಸಿತ್ತು.

ಒಂದರ ಮೇಲೊಂದು ಎಂಬುದೇನೋ ಸರಿ, ಯಾವುದರ ಮೇಲೆ ಯಾವುದು? ಮೈಗೆ ಅಂಟಿಕೊಳ್ಳುವ ಬಿಸಿ ಒಳಂಗಿ, ಅದರ ಮೇಲೆ ಕುರ್ತಾ, ಕುರ್ತಾದ ಮೇಲೆ ಸ್ವೆಟರು, ಸ್ವೆಟರಿನ ಮೇಲೆ ನೀರು ಹಿಡಿಯದ ಜಾಕೀಟು. ಬುರ್ಖಾ ಜಾಕೀಟಿನ ಮೇಲೋ ಒಳಗೋ? ಇದನ್ನು ಅರುಣಕುಮಾರನಿಗೆ ಕೇಳಲಾಗದು, ಮಸೂತಿಯ ಹಜರತರಿಗೂ ಕೇಳಲಾಗದು. ಇದೇ ಕಂಪನಿಯ ಮಾಲು ಮಾರುವ ಮುದ್ದೇಬಿಹಾಳದವರ ಹೆಂಡತಿ ಸುವರ್ಣಾ ಮೊನ್ನೆ ಫೋನು ಮಾಡಿ, ತಾನು ಪ್ಯಾಂಟು ತಗೊಂಡಿರುವುದಾಗಿಯೂ ಅದನ್ನು ಹಾಕಿಕೊಂಡು ಪಡಸಾಲೆಯಲ್ಲಿ ನಡೆದು ನೋಡಿದರೆ ಸ್ವಂತ ಸೊಸೆಯೇ ಬಾಯಿಗೆ ಸೆರಗು ಹಿಡಿದು ನಕ್ಕಳೆಂದೂ ಹೇಳಿ ತಾನೂ ನಕ್ಕಿದ್ದಳು. ಸುವರ್ಣಾಗೆ ಎಲ್ಲ ಹಗುರ. ಅವಳು ಊರಿಗೆಲ್ಲ ಹೇಳಿಕೊಂಡೇ ಹೊರಟವಳು. ಇಲ್ಲಿ ಸ್ವೆಟರಿಗಾಗಿ ಬಾಬುಲಾಲ ಇಂಡಿ, ವಿಜಯಪುರ ಎಲ್ಲ ತಿರುಗಿದ್ದ. ಈ ಬಿಸಿಲಿನಲ್ಲಿ ಸ್ವೆಟರು ಕೇಳಿದವನನ್ನು ಅಂಗಡಿಯವರು ಮೇಲಿಂದ ಕೆಳಗೆ ನೋಡಿ, ಕೂಡ್ರಿಸಿ, ತಣ್ಣನೆಯ ನೀರು ಕುಡಿಸಿ ಕಳಿಸಿದ್ದರು. ಇಂಗಳೇಶ್ವರದ ಕುರಿಗಾರ ಗಿರಾಕಿಯೊಬ್ಬ ಮಾತ್ರ ಒಳ್ಳೆಯ ಕಂಬಳಿ ಕೊಡುತ್ತೇನೆ, ಹೊದ್ದುಕೊಂಡರೆ ಯಾವ ಹವೆಯೂ ಏನೂ ಮಾಡುವುದಿಲ್ಲ ಎಂದಿದ್ದನಂತೆ. ಕಡೆಗೆ ವಿಜಯಪುರದಲ್ಲಿರುವ ಮಗಳು ಜಾಸ್ಮಿನ ಫೋನಿನಲ್ಲೇ ಎಲ್ಲ ತರಿಸಿಕೊಟ್ಟಳು. ಆ ಡಬ್ಬಿಗಳನ್ನು ಬಿಚ್ಚುವಾಗ ರಹಿಮಾಬಿ ಬಾಗಿಲು ಹಾಕಿಕೊಂಡಿದ್ದಳು. ಮಕ್ಕಾಕ್ಕೆ ಹೋಗುವವರ ಮನೆಗೆ ಕಿವಿ ಮುಚ್ಚುವ ಉಣ್ಣೆಯ ಟೊಪ್ಪಿಗೆ ಯಾಕೆ ಬಂತು ಎಂದು ಯಾರಾದರೂ ಕೇಳಿಯಾರು.

ಊರಿನವರ ಮನಸ್ಸಿನಲ್ಲಿ ಅವರಿಬ್ಬರೂ ಮಕ್ಕಾಕ್ಕೆ, ಉಮ್ರಾ ಯಾತ್ರೆಗೆ ಹೊರಟವರು. ಹಾಗೆಂದು ಯಾರೂ ಯಾರಿಗೂ ಸುಳ್ಳು ಹೇಳಿರಲಿಲ್ಲ. ರಂಜಾನ ಮುಗಿದ ಮೇಲೆ ಒಂದು ಶುಕ್ರವಾರ ನಮಾಜು ಮುಗಿಸಿ ಹೊರಬರುವಾಗ ಬಾಬುಲಾಲ, ಹದಿನೈದು ದಿನ ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಾನೆ, ನಾವಿಬ್ಬರೂ ಹೊರದೇಶಕ್ಕೆ ಹೋಗಿಬರುತ್ತೇವೆ ಎಂದು ಯಾರಿಗೋ ಹೇಳಿದ. ಈ ಓಣಿಯಲ್ಲಿ ಐವತ್ತು ದಾಟಿದ ಗಂಡಹೆಂಡತಿ ಕೂಡಿ ವಿಮಾನ ಹತ್ತುವುದು ಒಂದೇ ಊರಿಗೆ. ಕೇಳಿದವನು ಬಾಬುಲಾಲನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ, ಸುತ್ತಲಿದ್ದವರು ಸುಭಾನಲ್ಲಾ ಎಂದರು. ಆ ಗಳಿಗೆಯಲ್ಲಿ, ಇಲ್ಲಪ್ಪಾ ನಾವು ಮೋಜಿಗೆ ಹೊರಟಿದ್ದೇವೆ ಎಂದು ಹೇಳುವ ಗಂಡಸು ಇನ್ನೂ ಹುಟ್ಟಿಲ್ಲ, ಹುಟ್ಟಿದ್ದರೂ ಅವನು ಬಾಬುಲಾಲನಲ್ಲ. ಅವರು ತಾವೇ ಹಾಗೆ ತಿಳಿದುಕೊಂಡರು, ನಾನೇನೂ ಅನ್ನಲಿಲ್ಲ ಎಂದು ಅವನು ಮನೆಗೆ ಬಂದು ಅಂಗಿಯ ಗುಂಡಿ ಬಿಚ್ಚುತ್ತ ಹೇಳಿದಾಗ ರಹಿಮಾಬಿ ನಕ್ಕಿದ್ದಳು. ನಕ್ಕದ್ದಕ್ಕೆ ಈಗ ನಾಚಿಕೆ. ಮರುದಿನ ನಳಕ್ಕೆ ನೀರು ಬಂದಾಗ ಹೆಂಗಸರು ಅವಳ ಸರದಿ ಬರುವ ಮುಂಚೆಯೇ ಅವಳ ಕೊಡ ತುಂಬಿಸಿ, ಎತ್ತಿ ಅವಳ ಸೊಂಟಕ್ಕೆ ಇಟ್ಟರು. ಅವಳೂ ಏನೂ ಅನ್ನಲಿಲ್ಲ. ಬಾಯಲ್ಲಿ ಬಿಸಿತುಪ್ಪ, ಉಗುಳಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ.

ಯಾಕೆ ಹೇಳಲಾಗಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಆ ಮಾತು ಆಡುತ್ತಿರಲಿಲ್ಲ. ಅವರ ಪಾಸ್‌ಪೋರ್ಟುಗಳನ್ನು ಮಾಡಿಸಿದ್ದು ಬಾಬುಲಾಲನ ತಾಯಿ ಜೈತುನಬಿಯನ್ನು ಮಕ್ಕಾಕ್ಕೆ ಕರೆದೊಯ್ಯಲೆಂದು. ಮೂವರದೂ ಒಂದೇ ದಿನ ಮಾಡಿಸಿದ್ದರು. ಫೋಟೋ ತೆಗೆಯುವವನು ಕಿವಿ ಕಾಣಬೇಕು ಎಂದದ್ದಕ್ಕೆ ಮುದುಕಿ ಸಿಟ್ಟಿಗೆದ್ದು, ದೇವರ ಮನೆಗೆ ಹೋಗುವುದಕ್ಕೆ ಕಿವಿ ಯಾಕೆ ಎಂದು ಜಗಳ ತೆಗೆದಿದ್ದಳು. ಮುಂದಿನ ವರ್ಷ ಹೋಗೋಣ ಅತ್ತಿ, ಮನೆಯ ಮೇಲಂತಸ್ತು ಮುಗಿಯಲಿ. ಮುಂದಿನ ವರ್ಷ ಹೋಗೋಣ, ಜಾಸ್ಮಿನಳ ಮದುವೆ ಮುಗಿಯಲಿ. ಆಮೇಲೆ ಮುದುಕಿಯ ಮೊಣಕಾಲು ಹೋದವು. ಪ್ರತಿಯೊಂದು ವರ್ಷಕ್ಕೂ ಒಂದು ಒಳ್ಳೆಯ ಕಾರಣ ಇತ್ತು, ಕೆಟ್ಟ ಕಾರಣ ಒಂದೂ ಇರಲಿಲ್ಲ. ಕೆಟ್ಟ ಕಾರಣ ಇದ್ದಿದ್ದರೆ ತಪ್ಪನ್ನು ಅದರ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ಈಗ ಉಣ್ಣೆಯ ಕಾಲುಚೀಲಗಳನ್ನು ಜೋಡಿ ಮಾಡಿ ಸುತ್ತುತ್ತ ಕೂತವಳಿಗೆ ಕೈಯಲ್ಲಿ ಅತ್ತೆಯ ಬಾತ ಪಾದ ಸಿಕ್ಕಂತಾಯಿತು. ಕಡೆಯ ಚಳಿಗಾಲದಲ್ಲಿ ಹಿಮ್ಮಡಿ ಒಡೆದು, ಎಣ್ಣೆ ಹಚ್ಚಿ ಕಾಲುಚೀಲ ಏರಿಸುವಾಗ ಮುದುಕಿ ಅವಳ ತಲೆಯ ಮೇಲೆ ಕೈಯಿಟ್ಟು, ಅಲ್ಲಿ ಅಮೃತಶಿಲೆಯ ನೆಲವಂತೆ, ಬರಿಗಾಲಲ್ಲೇ ನಡೆಯಬೇಕಂತೆ, ನನ್ನ ಕಾಲಿಗೆ ಸರಿಹೋಗುತ್ತದೆ ಎಂದಿದ್ದಳು. ಹೌದು ಅತ್ತಿ ಎಂದಿದ್ದಳು ರಹಿಮಾಬಿ, ಒಲೆಯ ಮೇಲಿನ ಹಾಲಿನ ಕಡೆ ನೋಡುತ್ತ. ಹೋದ ವರ್ಷದ ಮಳೆಗಾಲದಲ್ಲಿ ಮುದುಕಿ ಹೋದಳು. ಅವಳ ಪಾಸ್‌ಪೋರ್ಟಿನ ಹಾಳೆಗಳು ಖಾಲಿ ಉಳಿದವು. ಇವರಿಬ್ಬರ ಪುಸ್ತಕಗಳ ಮೊದಲ ಹಾಳೆಗೆ ಈಗ ಹಡಗಿನ ಮೋಜಿಗೆಂದು ವೀಸಾದ ಮುದ್ರೆ ಬಿದ್ದಿತ್ತು.

ಕಾಲುಚೀಲ ಸೂಟ್‌ಕೇಸಿನ ಮೂಲೆಗೆ ತುರುಕಿದಳು. ತೋಳು ತುರಿಸಿತು. ಬಲತೋಳಿಗೆ ಇಮಾಮ ಜಾಮಿನ್ ಕಟ್ಟಿತ್ತು, ದೂರ ಹೊರಟವರು ಸುಖವಾಗಿ ಮರಳಲಿ ಎಂದು ಹಸಿರು ಬಟ್ಟೆಯಲ್ಲಿ ನಾಣ್ಯವಿಟ್ಟು ಕಟ್ಟುವುದು. ಓಣಿಯ ಹೆಂಗಸರು ಗುಂಪಾಗಿ ಬಂದು ಕಟ್ಟಿಹೋಗಿದ್ದರು. ಬೆವರಿಗೆ ಅದರ ಬಣ್ಣ ಬಿಟ್ಟು ತೋಳಿನ ಸುತ್ತ ಹಸಿರು ಬಳೆಯ ಹಾಗೆ ಕಲೆ ಬಿದ್ದಿತ್ತು. ಈ ವಾರವಿಡೀ ಜನ. ಯಾತ್ರೆಗೆ ಹೊರಟವರು ಮನೆಮನೆಗೆ ಹೋಗಿ, ಆಡಿದ್ದು ಅಂದದ್ದು ಏನಿದ್ದರೂ ಮಾಫಿ ಮಾಡಿರಿ ಎಂದು ಕೇಳಬೇಕು, ಅದು ರೂಢಿ. ಅವಳು ಹೋಗಲಿಲ್ಲ, ಆದ್ದರಿಂದ ಜನರೇ ಬಂದರು. ಹಿತ್ತಿಲ ಗಟಾರದ ನೀರಿಗಾಗಿ ಎರಡು ವರ್ಷ ಮಾತು ಬಿಟ್ಟಿದ್ದ ಹಿಂದಿನ ಮನೆಯವಳು ಬಂದು, ಅಡಿಗೆಮನೆಯ ಹೊಸ್ತಿಲ ಹತ್ತಿರ ನಿಂತು, ತಪ್ಪು ನನ್ನದೇ ಇತ್ತು ಎಂದು ಅತ್ತಳು. ತಪ್ಪು ಅವಳೊಬ್ಬಳದಾಗಿರಲಿಲ್ಲ, ಅರ್ಧವಾದರೂ ರಹಿಮಾಬಿಯದಿತ್ತು. ಸುಳ್ಳು ಯಾತ್ರೆಗೆ ಖರೇ ಮಾಫಿ. ಅಪ್ಪಿಕೊಂಡಾಗ ಆ ಹೆಂಗಸಿನ ಮೈಯ ಬಿಸಿ ತಾಗಿ, ಈಗಲೇ ಹೇಳಿಬಿಡಲೇ ಅನ್ನಿಸಿತ್ತು, ಆದರೆ ಅಳುವ ಹೆಣ್ಣಿಗೆ ಅದನ್ನು ಹೇಗೆ ಹೇಳುವುದು? ಎದುರು ಮನೆಯ ಶಂಕ್ರೆವ್ವ ದಾರಿಗೆಂದು ಶೇಂಗಾ ಹೋಳಿಗೆ ಮಾಡಿ ತಂದಳು. ನಿಮ್ಮ ದೇವರಿಗೆ ನಮ್ಮ ಮೊಮ್ಮಗಳ ಹೆಸರೂ ಹೇಳವ್ವಾ, ದೇವರು ದೇವರೊಳಗೆ ಏನು ಭೇದ ಎಂದಳು. ಹೋಳಿಗೆಯ ಡಬ್ಬಿ ಈಗ ಜಾಕೀಟಿನ ಕೆಳಗಿದೆ. ಅದನ್ನು ಹಡಗಿನಲ್ಲಿ ಕೂತು ತಿನ್ನಬೇಕು.

ಇದೆಲ್ಲವನ್ನೂ ಹೇಗೋ ನುಂಗಬಹುದಿತ್ತೇನೋ. ನುಂಗಲಾಗದ್ದು ಒಂದಿತ್ತು. ದಿಂಬಿನ ಪಕ್ಕ ಹಳೆಯ ಓಢಣಿಯಲ್ಲಿ ಸುತ್ತಿಟ್ಟ ಬಿಳಿ ಬಟ್ಟೆ. ಮೂರು ಮನೆ ಆಚೆಯ ಹಜರಾಬಿ ಖಾಲಾ ಹೋದ ಶುಕ್ರವಾರ ತಂದುಕೊಟ್ಟದ್ದು, ಖಾಲಾನ ಕಫನ್. ಸತ್ತ ದಿನ ಮೈಗೆ ಸುತ್ತುವ ಬಟ್ಟೆ. ಅದನ್ನು ಮಕ್ಕಾದ ಜಮ್‌ಜಮ್ ಬಾವಿಯ ನೀರಿನಲ್ಲಿ ಅದ್ದಿ ತಂದುಕೊಡು ಎಂದಿದ್ದಳು. ಹಜರಾಬಿ ಎಂದರೆ ಜೈತುನಬಿಯ ಗೆಳತಿ, ಇಬ್ಬರೂ ಮೋರಟಗಿಯಿಂದ ಈ ಓಣಿಗೆ ಸೊಸೆಯಾಗಿ ಬಂದವರು, ಒಂದೇ ಎಲೆಅಡಿಕೆ ಚೀಲದಲ್ಲಿ ಕೈ ಹಾಕಿದವರು. ಅವತ್ತು ಅವಳು ಗೋಡೆ ಹಿಡಿದುಕೊಂಡು ಬಂದಳು. ಗಂಟು ಬಿಚ್ಚಿ ತೋರಿಸಿದಳು. ತನ್ನ ಹೊಲಿಗೆ ಕೆಲಸ ನಡೆಯುತ್ತಿದ್ದಾಗ ತಂದು ಟ್ರಂಕಿನ ತಳದಲ್ಲಿ ಇಟ್ಟದ್ದಂತೆ, ನುಸಿಗುಳಿಗೆಯ ವಾಸನೆ ಕಣ್ಣಿಗೆ ಹೊಡೆಯುತ್ತಿತ್ತು. ರಹಿಮಾಬಿ ಧೈರ್ಯ ಕೂಡಿಸಿಕೊಂಡಳು. ಸುತ್ತುಬಳಸಿಯಾದರೂ ಸತ್ಯದ ಹತ್ತಿರ ಹೋಗೋಣ ಎಂದು, ಖಾಲಾ, ನಾವು ಹೋಗುವುದು ಹಡಗಿನಲ್ಲಿ ಎಂದಳು. ಹಡಗು ಎಂದೊಡನೆ ಮುದುಕಿಗೆ ಅನುಮಾನ ಬರುತ್ತದೆ, ಕೇಳುತ್ತಾಳೆ, ಆಗ ಹೇಳಬಹುದು. ಹಜರಾಬಿಯ ಮುಖ ಅರಳಿತು. ತನ್ನ ಮುತ್ತಜ್ಜನೂ ಮುಂಬಯಿಯಿಂದ ಜಹಾಜಿನಲ್ಲೇ ಮಕ್ಕಾಕ್ಕೆ ಹೋಗಿದ್ದನೆಂದೂ, ಹೋಗಿ ಬರುವಷ್ಟರಲ್ಲಿ ಬಿಟ್ಟುಹೋದ ಕರು ಹಸುವಾಗಿತ್ತೆಂದೂ, ಹಡಗಿನ ಯಾತ್ರೆಗೇ ಪುಣ್ಯ ಹೆಚ್ಚೆಂದೂ ಹೇಳುತ್ತ ಕೂತಳು. ಸತ್ಯಕ್ಕೆಂದು ತೆಗೆದ ಬಾಗಿಲಿನಿಂದ ಸುಳ್ಳೇ ಒಳಗೆ ಬಂದು ಚಾಪೆ ಹಾಸಿಕೊಂಡು ಕೂತಿತು. ಹೋಗುವಾಗ ಮುದುಕಿ ಬಟ್ಟೆಯನ್ನು ರಹಿಮಾಬಿಯ ಮಡಿಲಿಗೆ ಇಟ್ಟು, ನನ್ನ ಹೆಸರೂ ಒಮ್ಮೆ ಅಲ್ಲಿ ಕರೆ, ಹಜರಾ ಅಂತ, ಎಂದಳು.

ಅಂದಿನಿಂದ ಆ ಗಂಟು ಮನೆಯಲ್ಲಿ ಎಲ್ಲೂ ನಿಲ್ಲುತ್ತಿಲ್ಲ. ಕಪಾಟಿನಲ್ಲಿ ತನ್ನ ಸೀರೆಗಳ ಜೊತೆ ಇಡಲು ಅಂಜಿಕೆ. ಕುರಾನು ಇಟ್ಟ ಹಲಗೆಯ ಮೇಲೆ ಇಟ್ಟರೆ ಅಲ್ಲಿಂದ ಅದು ತನ್ನನ್ನೇ ನೋಡುತ್ತದೆ. ಇವತ್ತು ಬೆಳಗ್ಗೆ ಒಮ್ಮೆ ಸೂಟ್‌ಕೇಸಿನಲ್ಲಿ, ಒಳಂಗಿಗಳ ಮೇಲೆ ಇಟ್ಟು ನೋಡಿದ್ದಳು. ಅಷ್ಟೆಲ್ಲ ಬಣ್ಣದ ಉಣ್ಣೆಯ ನಡುವೆ ಆ ಬಿಳುಪು ನೋಡಿ ಕೈ ಹಿಂದೆ ಸರಿಯಿತು. ಚಳಿಗೆಂದು ಒಂದರ ಮೇಲೊಂದು ಹಾಕಿಕೊಂಡು ಹೋಗುವವರ ಪೆಟ್ಟಿಗೆಯಲ್ಲಿ, ಎಲ್ಲ ಬಿಚ್ಚಿದ ಮೇಲೆ ಉಡುವ ಬಟ್ಟೆ. ತೆಗೆದು ಮತ್ತೆ ದಿಂಬಿನ ಪಕ್ಕಕ್ಕೆ ಇಟ್ಟಳು. ದಣಿವು ಎಂದರೆ ಇದು. ಮೈಯಲ್ಲಿ ಕೆಲಸದ ಆಯಾಸವಿಲ್ಲ, ನಿದ್ದೆಯೂ ಬರುತ್ತಿಲ್ಲ, ಒಂದು ಬಟ್ಟೆಯ ತುಂಡನ್ನು ಎತ್ತುವುದು ಇಡುವುದು ಇಷ್ಟರಲ್ಲೇ ಜೀವ ಸೋತುಹೋಗಿದೆ.

ಬಾಬುಲಾಲ ಊಟಕ್ಕೆ ಬಂದ. ರೊಟ್ಟಿ ಮುರಿಯುತ್ತ, ಜುಣಕದ ಬಟ್ಟಲು ಹತ್ತಿರ ಎಳೆದುಕೊಂಡು, ತಾನು ಒಂದು ದಾರಿ ಹುಡುಕಿದ್ದೇನೆ ಎಂದ. ತಾಳಿಕೋಟೆಯಲ್ಲಿ ಅವನ ಚಿಕ್ಕಪ್ಪನ ಮಗ ಯುನೂಸ ರಂಜಾನಿಗೆ ಮುಂಚೆ ಉಮ್ರಾ ಮುಗಿಸಿ ಬಂದಿದ್ದ, ಅವನ ಮನೆಯಲ್ಲಿ ಜಮ್‌ಜಮ್ ನೀರಿನ ಡಬ್ಬಿ ಇನ್ನೂ ಇತ್ತು. "ನೀರ ಅಲ್ಲಿಂದನ ಬಂದದ್ದ ಐತಿ. ತಿರುಗಿ ಬಂದ ಮ್ಯಾಲ ಅದ್ದಿ, ಒಣಗಿಸಿ ಕೊಟ್ರ ಆತು. ಮುದುಕಿ ನೆಮ್ಮದೀಲೆ ಇರತಾಳ. ಇದರಾಗ ಸುಳ್ಳ ಎಲ್ಲಿ ಬಂತು?" ಎಂದ. ಅವನು ಕೆಟ್ಟವನಲ್ಲ. ಒಡೆದ ಟೈಲ್ಸನ್ನು ಮೂಲೆಗೆ ಹಾಕಿ, ಮೇಲೆ ಕಟ್ಟಿಗೆಯ ಪಟ್ಟಿ ಹೊಡೆದು ಎಲ್ಲರಿಗೂ ಒಳ್ಳೆಯದು ಮಾಡುವವನು. ಅವನ ಕಣ್ಣಿನ ಕೆಳಗೂ ಈ ವಾರ ಕಪ್ಪು ಕಟ್ಟಿತ್ತು, ಮಸೂತಿಗೆ ಹೋದಾಗ ಈಗ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ. ಇದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾತು ಬಾಯಿಂದ ಜಾರಿತು.

"ಯುನೂಸನ ಮನ್ಯಾಗಿನ ನೀರ ನಿಮ್ಮವ್ವನ ಕಾಲಕ್ಕ ಯಾಕ ನೆನಪಾಗಲಿಲ್ಲ? ಅಂವ ಮೊದಲೂ ಒಮ್ಮಿ ಹೋಗಿ ಬಂದಿದ್ದನಲ್ರಿ."

ಬಾಬುಲಾಲ ಎತ್ತಿದ ತುತ್ತನ್ನು ತಾಟಿನಲ್ಲೇ ಇಟ್ಟ. ಜೈತುನಬಿಯ ಕಫನ್ ಅವಳು ಸತ್ತ ದಿನವೇ ಬಜಾರದಿಂದ ತಂದದ್ದು. ಮಳೆ ಹೊಯ್ಯುತ್ತಿತ್ತು, ಅಂಗಡಿಯವನನ್ನು ಮನೆಯಿಂದ ಕರೆದು ಬಾಗಿಲು ತೆಗೆಸಿದ್ದರು. ಬಟ್ಟೆಗೆ ಇನ್ನೂ ಗಂಜಿಯ ವಾಸನೆ ಇತ್ತು. ಅದನ್ನು ಹರಿದ ಸದ್ದು ಇಬ್ಬರಿಗೂ ಕೇಳಿತ್ತು. ಅವನು ಎದ್ದು ಕೈ ತೊಳೆದುಕೊಂಡ, ಅಂಗಡಿಯಲ್ಲಿ ಲಾರಿ ಬಂದು ನಿಂತಿದೆ ಎಂದು ಹೋದ. ಉಳಿದ ರೊಟ್ಟಿಯನ್ನು ಬುಟ್ಟಿಗೆ ಹಾಕುತ್ತ ರಹಿಮಾಬಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಗಂಡನನ್ನು ಚುಚ್ಚಿದರೆ ತನ್ನ ಭಾರ ಇಳಿಯುತ್ತದೆಂದು ಎಣಿಸಿದ್ದಳು, ಇಳಿಯಲಿಲ್ಲ. ಅತ್ತೆಯ ಕಾಲಿಗೆ ಎಣ್ಣೆ ಹಚ್ಚುವಾಗ ಹಾಲಿನ ಕಡೆ ನೋಡಿದ ಕಣ್ಣು ಬಾಬುಲಾಲನದಲ್ಲ. ಅವಳು ಹಾಗೇ ಬರಿ ನೆಲದ ಮೇಲೆ ಮಲಗಿದಳು. ಕರೆಂಟು ಬಂದು ಕೂಲರು ಒದರತೊಡಗಿತು. ಹುಲ್ಲಿನ ವಾಸನೆಯ ತೇವದ ಗಾಳಿ ಮುಖಕ್ಕೆ ಬಡಿದಾಗ, ಹಡಗಿನ ಮೇಲೆ ನಿಂತರೆ ಹೀಗೇ ಇರುತ್ತದೇನೋ ಅನ್ನಿಸಿತು. ಅನ್ನಿಸಿದ ಬೆನ್ನಿಗೇ ಮನಸ್ಸು ಹಿಗ್ಗಿತು. ಹೌದು, ಅವಳಿಗೆ ಹೋಗುವ ಆಸೆ ಇತ್ತು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅವಳೂ ತನ್ನನ್ನು ಕೇಳಿಕೊಂಡಿರಲಿಲ್ಲ. ನೀರಿನ ಮೇಲೆ ಬಿಳಿ ಬೆಟ್ಟಗಳು ಬಂದು ಹೋಗುವುದನ್ನು ಜಾಸ್ಮಿನ ಫೋನಿನಲ್ಲಿ ತೋರಿಸಿದ್ದಳು. ರೊಟ್ಟಿ ಬಡಿಯದ, ನೀರು ಹಿಡಿಯದ, ಯಾರೂ ತನ್ನ ಹೆಸರು ಕರೆಯದ ದಿನಗಳು. ಆ ಆಸೆಯೇ ಎಲ್ಲಕ್ಕಿಂತ ದೊಡ್ಡ ತಪ್ಪಿನ ಹಾಗೆ ಎದೆಯ ಮೇಲೆ ಕೂತಿತು. ಇವತ್ತು ಹೇಳದಿದ್ದರೆ ಆ ಬೆಟ್ಟಗಳನ್ನು ತಾನು ಕಣ್ಣೆತ್ತಿ ನೋಡಲಾರೆ ಎಂಬುದು ಅವಳಿಗೆ ಸ್ಪಷ್ಟವಾಯಿತು. ಎದ್ದು ಮುಖಕ್ಕೆ ನೀರು ಹಾಕಿಕೊಂಡಳು, ಗಂಟನ್ನು ಹೊದ್ದ ಓಢಣಿಯ ಒಳಗೆ ಹಿಡಿದುಕೊಂಡು ಹೊರಬಿದ್ದಳು.

ಇಳಿಹೊತ್ತಿನ ನಮಾಜಿನ ಕೂಗು ಮುಗಿದಿತ್ತು, ಬಿಸಿಲು ಇನ್ನೂ ಇತ್ತು. ಮೂರು ಮನೆಯ ದಾರಿಯಲ್ಲಿ ಐದಾರು ಸಲಾಮು. ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಎದ್ದು ನಿಂತು, ನನಗೂ ದುವಾ ಬೇಡಿರಿ ಅಮ್ಮಾ ಎಂದ. ಮೊದಲಾದರೆ ಅವನು ಕೂತಲ್ಲಿಂದಲೇ ಡಬ್ಬಿ ಇಡು ಎಂದು ಕೈ ತೋರಿಸುವವನು. ಅವಳು ತಲೆಯಾಡಿಸಿ ಮುಂದೆ ಹೋದಳು. ತಲೆಯಾಡಿಸುವುದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಈ ವಾರವೆಲ್ಲ ಅವಳು ಬರೀ ತಲೆಯನ್ನೇ ಆಡಿಸಿದ್ದಳು.

ಹಜರಾಬಿಯ ಮನೆ ಎಂದರೆ ಒಂದು ಕೋಣೆ, ಮುಂದೆ ತಗಡಿನ ಇಳಿಜಾರು. ಎಷ್ಟೋ ವರ್ಷದಿಂದ ಮುದುಕಿಯ ಹಾಸಿಗೆ ಆ ತಗಡಿನ ಕೆಳಗೆ, ಆಡು ಕಟ್ಟುವ ಗೂಟದ ಪಕ್ಕ. ಇವತ್ತು ಅಲ್ಲಿ ಆಡು ಮಾತ್ರ ಇತ್ತು. ಹಜರಾಬಿ ಒಳಗೆ, ಫ್ಯಾನಿನ ಕೆಳಗೆ, ಮಗನ ಕಬ್ಬಿಣದ ಮಂಚದ ಮೇಲೆ ಒರಗಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿತ್ತು. ಬಾರವ್ವಾ, ನಾಳೆ ಹೊರಡುವವಳು ಇವತ್ತು ಯಾಕೆ ಬಿಸಿಲಿಗೆ ಬಂದೆ ಎಂದಳು. ಸೊಸೆ ಅಲ್ಮಾಸ ನೀರಿಗೆ ಹೋಗಿದ್ದಳು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದುಕೊಂಡು ರಹಿಮಾಬಿ ಮಂಚದ ಅಂಚಿಗೆ ಕೂತು, ಗಂಟನ್ನು ಮುದುಕಿಯ ಕಾಲ ಬಳಿ ಇಟ್ಟು, ನಿಲ್ಲಿಸದೆ ಎಲ್ಲ ಹೇಳಿಬಿಟ್ಟಳು. ಮಕ್ಕಾ ಅಲ್ಲ. ಟೈಲ್ಸ್ ಕಂಪನಿಯ ಹಡಗು. ತಿರುಗಾಡಲಿಕ್ಕೆ. ಜನ ತಪ್ಪು ತಿಳಿದರು, ನಾವು ಬಾಯಿ ಮುಚ್ಚಿಕೊಂಡೆವು, ಅತ್ತೆಯ ನೆನಪಿಗೆ ಅಂಜಿ ಮುಚ್ಚಿಕೊಂಡೆವು. ಹೇಳುತ್ತ ಹೇಳುತ್ತ ಎದೆಯಲ್ಲಿ ಏನೋ ಸಡಿಲಾಗುತ್ತ ಬಂತು, ಕಣ್ಣಲ್ಲಿ ನೀರು ಬಂತು. ಕಡೆಗೆ ಮಾಫಿ ಮಾಡಿರಿ ಖಾಲಾ ಎಂದಾಗ, ಈ ವಾರದಲ್ಲಿ ಮೊದಲ ಸಲ ತನ್ನ ದನಿ ತನ್ನದೆನ್ನಿಸಿತು.

ಹಜರಾಬಿ ಗಂಟಿನ ಮೇಲೆ ಕೈಯಿಟ್ಟು, ಅದು ಒದ್ದೆಯಾಗಿದೆಯೋ ಎಂದು ನೋಡುವವಳ ಹಾಗೆ ಒತ್ತಿ ನೋಡಿದಳು.

"ಜೈತುನ ಹೋಗಲಿಲ್ಲ," ಎಂದಳು. "ನಾನೂ ಹೋಗೂದಿಲ್ಲ, ಅದು ನನಗ ಗೊತ್ತಿತ್ತು. ನನ್ನ ಅರಬಿಯಾದ್ರೂ ಹೋಗಲಿ ಅಂದಿದ್ದೆ."

ರಹಿಮಾಬಿ ಮುದುಕಿಯ ಕೈ ಹಿಡಿಯಲು ಹೋದಳು. ಮುದುಕಿ ಕೈ ಕೊಡಲಿಲ್ಲ. ಸಿಟ್ಟೇನೂ ಕಾಣಲಿಲ್ಲ. ಮಾರುಕಟ್ಟೆಯಿಂದ ಬರಿಗೈಲಿ ಮನೆಗೆ ನಡೆಯಬೇಕಾದವರ ಮುಖವಿರುತ್ತದಲ್ಲ, ಅಂಥ ಮುಖ. ಆಮೇಲೆ ಅವಳು ತಲೆಯ ಮೇಲೆ ತಿರುಗುವ ಫ್ಯಾನಿನ ಕಡೆ ಕಣ್ಣು ತೋರಿಸಿದಳು.

"ಇದರ ಕೆಳಗ ನಾ ಯಾವಾಗ ಮಲಗಿದ್ದೆ ಹೇಳು. ನನ್ನ ಅರಬಿ ಮಕ್ಕಾಕ್ಕ ಹೊಂಟೈತಿ ಅಂದ ದಿನಾನ ಅಲ್ಮಾಸ ನನ್ನ ಹಾಸಿಗಿ ಒಳಗ ತಂದ ಹಾಕಿದಳು. ತಾನ ತಲಿ ಬಾಚತಾಳ. ಬಿಸಿ ರೊಟ್ಟಿ ಮೊದಲ ನನಗ ಹಾಕತಾಳ. ಅಕಿ ಕೆಟ್ಟಾಕಿ ಅಲ್ಲವಾ, ದುಡದ ದಣದ ಬಿಟ್ಟಾಳ, ಆದ್ರ ಮಂದಿ ಹಿಂಗ ಮರ್ಯಾದಿ ಕೊಡತಾರ ಅಂತ ನನಗ ಮರತ ಹೋಗಿತ್ತು." ಸ್ವಲ್ಪ ಸುಧಾರಿಸಿಕೊಂಡು, ದನಿ ಎತ್ತರಿಸದೆ ಹೇಳಿದಳು. "ನೀ ಖರೇ ಹೇಳಿ ಹಗರಾದಿ. ನಾ ಯಾರ ಮುಂದ ಹೇಳಿ ಹಗರ ಆಗಲಿ?"

ಇದನ್ನು ರಹಿಮಾಬಿ ಎಣಿಸಿರಲಿಲ್ಲ. ಮುದುಕಿ ಅಳಬಹುದು, ಬಯ್ಯಬಹುದು, ದೊಡ್ಡ ಮನಸ್ಸು ಮಾಡಿ ಕ್ಷಮಿಸಬಹುದು, ಈ ಮೂರಕ್ಕೂ ಅವಳು ಸಿದ್ಧಳಾಗಿ ಬಂದಿದ್ದಳು. ಗಂಟನ್ನು ಇಲ್ಲಿ ಇಟ್ಟು, ಬರಿಗೈಯಲ್ಲಿ ಮನೆಗೆ ಹೋಗಿ, ಸೂಟ್‌ಕೇಸು ಮುಚ್ಚಿ ಮಲಗುವುದು ಎಂದಷ್ಟೇ ಎಣಿಸಿದ್ದಳು. ಹೊರಗೆ ಕೊಡಗಳ ಸದ್ದಾಯಿತು. ಹಜರಾಬಿ ಥಟ್ಟನೆ ಎದ್ದು ಕೂತಳು. ಗಂಟನ್ನು ಎತ್ತಿ ರಹಿಮಾಬಿಯ ಎದೆಗೆ ಒತ್ತಿ, ಓಢಣಿಯನ್ನು ಅದರ ಮೇಲೆ ತಾನೇ ಎಳೆದಳು. ಆ ಮುದಿ ಬೆರಳುಗಳಲ್ಲಿ ಅಷ್ಟು ಬಲ ಇದ್ದದ್ದು ರಹಿಮಾಬಿಗೆ ಗೊತ್ತಿರಲಿಲ್ಲ.

"ತಗೊಂಡ ಹೋಗು. ನೀ ಎಲ್ಲಿ ಹೋಗ್ತಿ ಅಲ್ಲೇ ಹೋಗಲಿ, ಯಾವ ಸಮುದ್ರ ಆದ್ರೇನು. ತಿರುಗಿ ಬಂದ ಎಲ್ಲಾರ ಮುಂದ ಕೊಡು. ನಾ ಕಣ್ಣ ಮುಚ್ಚೂ ತನಕ ಈ ಮಾತ ನಮ್ಮಿಬ್ಬರೊಳಗ ಇರಲಿ."

ಅಲ್ಮಾಸ ಒಳಗೆ ಬಂದಳು. ಸೊಂಟದ ಕೊಡ ಇಳಿಸಿ, ಒದ್ದೆ ಕೈಯನ್ನು ಕುಪ್ಪಸಕ್ಕೆ ಒರೆಸಿಕೊಂಡು, ರಹಿಮಾಬಿಯನ್ನು ಕಂಡೊಡನೆ ಸೆರಗನ್ನು ತಲೆಯ ಮೇಲೆ ಸರಿಯಾಗಿ ಎಳೆದುಕೊಂಡಳು. ರಹಿಮಾಬಿ ಆಪಾ ಮಾಫಿ ಕೇಳಲಿಕ್ಕೆ ಬಂದಿದ್ದಾಳೆ, ನಾಳೆ ಹೊರಡುತ್ತಾರೆ, ಚಹಾ ಇಡು ಎಂದಳು ಹಜರಾಬಿ, ಮನೆಯ ಯಜಮಾನಿಯ ದನಿಯಲ್ಲಿ. ಅಲ್ಮಾಸ ಒಲೆ ಹೊತ್ತಿಸುವ ಮುಂಚೆ ಹತ್ತಿರ ಬಂದು ಕೂತಳು. ಓಢಣಿಯಿಂದ ಇಣುಕುತ್ತಿದ್ದ ಬಿಳಿ ಬಟ್ಟೆಯ ತುದಿಯನ್ನು ಮುಟ್ಟಿ ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಅವಳ ಕಣ್ಣಿನ ಸುತ್ತ ನೀರು ಹೊತ್ತ ದಣಿವಿತ್ತು, ಆದರೂ ಏನೋ ಕೇಳುವ ಉಮೇದಿತ್ತು.

"ಅಲ್ಲೆ ಬಿಸಲ ಬಾಳ ಅಂತಾರ್ರಿ ಆಪಾ," ಎಂದಳು. "ನಮ್ಮ ಬಿಸಲಕಿಂತಾನೂ ಹೆಚ್ಚು. ಖರೇ ಏನ್ರಿ?"

ಹಜರಾಬಿ ರಹಿಮಾಬಿಯ ಮುಖವನ್ನೇ ನೋಡುತ್ತಿದ್ದಳು.

"ಹೌದವಾ, ಬಾಳ ಬಿಸಲ ಅಂತ," ಎಂದಳು ರಹಿಮಾಬಿ. "ಬರೇ ತೆಳ್ಳನ್ನ ಅರಬಿ ಇಟ್ಟಕೊಂಡೇನಿ."